ಸಗಣಿ ಹುಳದ ಬೆಲೆ ಎಷ್ಟು?

ಕರ್ನಾಟಕಕ್ಕೆ ಒಂದು ರಾಜ್ಯ ಚಿಟ್ಟೆ ಇದೆ: ಪಶ್ಚಿಮ ಘಟ್ಟದ ಸದರ್ನ್ ಬರ್ಡ್‌ವಿಂಗ್. ಕಪ್ಪು ಮೇಲ್ರೆಕ್ಕೆ, ಹಳದಿ ಕೆಳರೆಕ್ಕೆ, ಮೈಮೇಲೆ ಕೆಂಪು. ನಾಡಬಾವುಟದ ಬಣ್ಣ ಅದರಲ್ಲಿದೆ ಎಂದು ಹೊಗಳಿದವರೂ ಉಂಟು. ರಾಜ್ಯ ಸಗಣಿ ಹುಳ ಬೇಕೆಂದು ಯಾರಾದರೂ ಅರ್ಜಿ ಕೊಟ್ಟದ್ದು ನಾನು ಕೇಳಿಲ್ಲ. ನಮ್ಮ ಕಡೆಯ ಮಂಡಿಕಲ್ ಊರಿನ ಸುತ್ತಿನ ಬಯಲಲ್ಲಿ, ಹಸು ಮೇಯುವ ಕಡೆ, ಕಣ್ಣಿಗೆ ಬೀಳುವುದು ಮಾತ್ರ ಈ ಎರಡನೆಯದೇ.

ಹುಳದ ಪರ ವಾದಿಸಲು ಹೊರಟರೆ ತಟ್ಟನೆ ಬಾಯಿಗೆ ಬರುವುದು ಅದರ ಕೆಲಸ. ಸಗಣಿಯನ್ನು ಮಣ್ಣಿಗಿಳಿಸುತ್ತದೆ, ನೆಲ ಸಡಿಲಿಸುತ್ತದೆ, ನೊಣಗಳ ಹಾವಳಿ ತಗ್ಗಿಸುತ್ತದೆ. ಕಾಂಗರೂ ಹಿಕ್ಕೆಗೆ ಒಗ್ಗಿದ್ದ ಆಸ್ಟ್ರೇಲಿಯಾದ ಹುಳಗಳು ಹಸುವಿನ ಸಗಣಿಯನ್ನು ಅಷ್ಟಾಗಿ ಮುಟ್ಟದಿದ್ದಾಗ, 1960ರ ದಶಕದ ಕೊನೆಯಲ್ಲಿ ಆಫ್ರಿಕಾದ ಹುಳಗಳನ್ನು ಅಲ್ಲಿ ತಂದು ಬಿಟ್ಟರು.

ಇಷ್ಟಾದರೆ ಹುಳಕ್ಕೆ ನ್ಯಾಯ ಸಿಕ್ಕಿತೆ? ಉಪಯೋಗ ನೋಡಿ ಕಟ್ಟುವ ಇಂಥ ಬೆಲೆಗೆ ತತ್ತ್ವಶಾಸ್ತ್ರದಲ್ಲಿ ಸಾಧನಮೌಲ್ಯ ಎನ್ನುತ್ತಾರೆ. ಬೆಲೆ ಕೆಲಸಕ್ಕೆ, ನಾಳೆ ಅದೇ ಕೆಲಸಕ್ಕೆ ಯಂತ್ರ ಬಂದರೆ ಹುಳ ಯಾರಿಗೂ ಬೇಡ. ನಮ್ಮ ಕಣ್ಣಿಗೆ ಹಬ್ಬವೆಂದು ಉಳಿಸಿಕೊಂಡ ಚಿಟ್ಟೆಯದೂ ಇದೇ ಪಾಡು.

ಜೀವಿಗೆ ತಾನಾಗಿಯೇ ಇರುವ ಬೆಲೆ, ಅಂದರೆ ಸ್ವತಃಮೌಲ್ಯದ ಮಾತು ಬೇರೆ. ಅಮೆರಿಕದ ತತ್ತ್ವಜ್ಞಾನಿ ಪಾಲ್ ಟೇಲರ್ 1986ರ ‘ರೆಸ್ಪೆಕ್ಟ್ ಫಾರ್ ನೇಚರ್’ ಗ್ರಂಥದಲ್ಲಿ ವಾದಿಸಿದ್ದು ಇದನ್ನು: ಪ್ರತಿ ಜೀವಿಗೂ ತನ್ನದೇ ಆದ ಒಳಿತು ಇದೆ. ಕಲ್ಲಿಗೆ ಕೇಡಾಗದು, ಹುಳಕ್ಕೆ ಆಗುತ್ತದೆ. ಸಗಣಿ ಉಂಡೆ ಒಣಗಿದರೆ ಒಳಗಿನ ಮರಿಗೆ ಕೇಡು; ಈಶ್ವರಿ ಬಳ್ಳಿ ಕಿತ್ತರೆ ಬರ್ಡ್‌ವಿಂಗ್‌ನ ಕಂಬಳಿಹುಳಕ್ಕೆ ಕೇಡು. ನಾವು ನೋಡಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಹಾಗಾದರೆ ಬೆಳೆ ತಿನ್ನುವ ಹುಳಕ್ಕೆ ಔಷಧಿ ಹೊಡೆಯಬಾರದೆ? ಟೇಲರ್ ಆತ್ಮರಕ್ಷಣೆ ಮೊದಲಾದ ವಿನಾಯಿತಿಗಳನ್ನು ಕೊಡುತ್ತಾರೆ. ಗೆರೆ ಎಲ್ಲಿ ಎಳೆಯಬೇಕೆಂಬುದು ಅವುಗಳಿಂದ ಪೂರ್ತಿ ಬಗೆಹರಿಯುತ್ತದೆಂದು ನನಗನ್ನಿಸಿಲ್ಲ.

ಎರಡು ಮೌಲ್ಯಗಳ ನಡುವಿನ ದೂರ ಕಾಣಲು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಸಾಕು. ಈ ಸೀಮೆಯಲ್ಲಿ ರೇಷ್ಮೆ ಹುಳಕ್ಕಿರುವ ಆರೈಕೆ ಬೇರೆ ಯಾವ ಕೀಟಕ್ಕೂ ಇಲ್ಲ: ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು, ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತರೆ ಎಚ್ಚರ, ಹಣ್ಣಾದರೆ ಗೂಡು ಕಟ್ಟಲು ಚಂದ್ರಿಕೆ. ಗೂಡು ಕಟ್ಟಿದ ಮೇಲೆ ಒಳಗಿನ ಜೀವಕ್ಕೆ ಬಿಸಿ ತಾಗಿಸಿ ಕೊಲ್ಲಬೇಕು. ಪತಂಗ ಹೊರಬಂದರೆ ಗೂಡು ತೂತಾಗಿ ನೂಲು ಬಿಚ್ಚಲು ಬಾರದು. ಮೊಟ್ಟೆಗೆಂದು ಉಳಿಸುವ ಬಿತ್ತನೆ ಗೂಡಿನಿಂದ ಹೊರಬರುವ ಪತಂಗಗಳೂ ಹಾರಲಾರವು, ಸಾವಿರಾರು ವರ್ಷಗಳ ಸಾಕಣೆಯಲ್ಲಿ ಆ ಶಕ್ತಿಯೇ ಹೋಗಿದೆ. ಗೂಡಿನೊಳಗಿನ ಆ ಸಾವು ಟೇಲರ್ ಲೆಕ್ಕದಲ್ಲಿ ಕೇಡು. ಗೂಡಿನ ದರದಲ್ಲಿ ಇದರ ಲೆಕ್ಕವೇ ಇಲ್ಲ. ರೈತರನ್ನು ದೂರಲು ಈ ಮಾತು ಹೇಳಿದ್ದಲ್ಲ, ಆ ದರದಲ್ಲೇ ಅವರ ಮನೆ ನಡೆಯಬೇಕು.