ಹಾಸಿಗೆಯ ಪಕ್ಕದಲ್ಲಿ ಕುಳಿತವರು



ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದು, ಪ್ರಸಾದಕ್ಕೆ ಎಲೆ ಹಾಕುವ ಹೊತ್ತಿಗೆ, ಹಿಂದೂಪುರದ ಕಡೆಯ ಒಬ್ಬ ಹೆಣ್ಣುಮಗಳು ಎದ್ದು ನಿಂತು ನಮ್ಮನ್ನು ಒಂದು ಮಾತು ಕೇಳಿದಳು: “ಬುದ್ಧೀ, ಅಪ್ಪನ ಜೊತೆ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ಹದಿಮೂರು ದಿನ ನಾನು ಲಿಂಗಪೂಜೆ ಮಾಡಲಿಲ್ಲ. ಸ್ನಾನಕ್ಕೆ ನೀರಿರಲಿಲ್ಲ, ಕೂರುವುದಕ್ಕೆ ಜಾಗವಿರಲಿಲ್ಲ. ಆಪರೇಷನ್ ಅಂತ ಹೇಳಿದ ದಿನವೇ ಅದು ಮುಂದಕ್ಕೆ ಹೋಯಿತು. ನಾನು ಪೂಜೆ ಬಿಟ್ಟ ತಪ್ಪಿಗೇ ಹಾಗಾಯಿತೇನೋ ಎಂದು ಇವತ್ತಿಗೂ ಮನಸ್ಸು ಕೊರೆಯುತ್ತದೆ.”

“ಇಲ್ಲ ತಾಯಿ, ನಿನ್ನ ತಪ್ಪೇನೂ ಇಲ್ಲ” ಎಂದಷ್ಟೇ ಹೇಳಿ ನಾವು ಸುಮ್ಮನಾದೆವು. ಸಭೆಗೂ ಸಮಾಧಾನವಾಯಿತು. ಆದರೆ ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಆ ಆಪರೇಷನ್ ಏಕೆ ಮುಂದಕ್ಕೆ ಹೋಯಿತೆಂಬುದು ಸಭೆಯಲ್ಲಿದ್ದ ಇಬ್ಬರು ಮೂವರಿಗೆ ಗೊತ್ತಿತ್ತು. ಅವರಲ್ಲಿ ನಾವೂ ಒಬ್ಬರು. ಅಂದು ಪೀಠದ ಮೇಲೆ ಕುಳಿತು ಹೇಳಲಾಗದ್ದನ್ನು ಇಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇವೆ. ಓದು ಬಲ್ಲವರು ಓದು ಬಾರದ ಹಿರಿಯರಿಗೂ ಓದಿ ಹೇಳಬೇಕು.

ಆ ದಿನ ನಡೆದದ್ದು ಇಷ್ಟು. ನಮ್ಮ ಮಠದ ಹಳೆಯ ಭಕ್ತರೊಬ್ಬರಿಗೆ ಹೊಟ್ಟೆಯ ಆಪರೇಷನ್ ಎಂದು ತಿಳಿದು, ಬೆಳಗಿನ ಪೂಜೆ ಮುಗಿಸಿಕೊಂಡು ಮೂರು ಕಾರುಗಳಲ್ಲಿ ಹನ್ನೆರಡು ಜನ ಹೊರಟೆವು. ನಮ್ಮನ್ನು ಕಂಡು ಬಾಗಿಲಲ್ಲಿದ್ದವರು ತಡೆಯಲಿಲ್ಲ. ರೋಗಿಯ ಮಗಳು ರಕ್ತದ ಚೀಟಿ ಹಿಡಿದು ಕೆಳಗೆ ಸಾಲಿನಲ್ಲಿ ನಿಂತಿದ್ದಳು. ಹಾಸಿಗೆಯ ತಲೆಯ ಕಡೆ ಒಂದು ರಟ್ಟು ತೂಗುಹಾಕಿದ್ದರು. ಅದರಲ್ಲಿ ಎನ್.ಬಿ.ಎಂ. ಎಂದು ಇಂಗ್ಲಿಷಿನ ಮೂರು ಅಕ್ಷರಗಳಿದ್ದವು. ‘ಬಾಯಿಗೆ ಏನನ್ನೂ ಕೊಡಕೂಡದು’ ಎಂಬುದು ಅದರ ಅರ್ಥ. ನಮಗದು ತಿಳಿಯಲಿಲ್ಲ. ತಿಳಿಯದಿದ್ದುದು ಅಷ್ಟು ದೊಡ್ಡ ತಪ್ಪಲ್ಲ. ಪಕ್ಕದ ಹಾಸಿಗೆಯವರ ಕಡೆಯ ಒಬ್ಬ ಮುದುಕಿ ನಮ್ಮ ಕಡೆ ತಿರುಗಿ, “ಸ್ವಾಮಿ, ಅವರಿಗೆ ಏನೂ ಕೊಡಬಾರದಂತೆ” ಎಂದಳು. ನಮ್ಮ ಜೊತೆಗಿದ್ದವರೊಬ್ಬರು, “ಬುದ್ಧಿಯವರ ಪ್ರಸಾದಕ್ಕೆ ಯಾವ ಅಡ್ಡಿ?” ಎಂದು ಅವಳ ಬಾಯಿ ಮುಚ್ಚಿಸಿದರು. ನಾವು ಅದನ್ನು ಕೇಳಿಯೂ ಕೇಳದವರಂತೆ ಇದ್ದೆವು. ಪಾದೋದಕದ ಜೊತೆಗೆ ಬಾಳೆಹಣ್ಣಿನ ರಸಾಯನವನ್ನು ನಮ್ಮ ಕೈಯಾರೆ ಆ ಹಿರಿಯರ ಬಾಯಿಗೆ ಹಾಕಿದೆವು. ಅವರು ಕಣ್ಣು ಮುಚ್ಚಿ ಸ್ವೀಕರಿಸಿದರು. ತಪ್ಪು ಅಲ್ಲಿ ನಡೆಯಿತು.

ಮತ್ತು ಬರಿಸುವ ಮದ್ದು ಕೊಟ್ಟಾಗ ಮನುಷ್ಯನಿಗೆ ಕೆಮ್ಮುವ, ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿ ಅನ್ನವೋ ಹಣ್ಣೋ ಇದ್ದರೆ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಪ್ರಾಣಕ್ಕೇ ಅಪಾಯ. ಆದ್ದರಿಂದ ಆಪರೇಷನ್ನಿಗೆ ಕನಿಷ್ಠ 6 ಗಂಟೆ ಮೊದಲೇ ಆಹಾರ ನಿಲ್ಲಿಸುತ್ತಾರೆ. ನೀರನ್ನು ಎಲ್ಲಿಯವರೆಗೆ ಕುಡಿಯಬಹುದೆಂಬುದನ್ನೂ ಅವರೇ ಹೇಳುತ್ತಾರೆ. ಅಂದು ಮದ್ದು ಕೊಡುವ ವೈದ್ಯರು ಕೇಳಿದಾಗ ಆ ಹಿರಿಯರು ನಿಜ ಹೇಳಿದರು. ವೈದ್ಯರು ಆಪರೇಷನ್ ನಿಲ್ಲಿಸಿದರು. ಅವರು ಮಾಡಿದ್ದು ಸರಿ. ಆ ವಿಭಾಗದ ಮುಂದಿನ ಸರದಿ ಬರುವವರೆಗೆ ಮೂರು ದಿನ ಕಾಯಬೇಕಾಯಿತು. ಊರಿನಲ್ಲಿ ಕಿತ್ತು ಹಾಕಿದ್ದ ಕಡಲೆಕಾಯಿ ಮಳೆಗೆ ನೆನೆಯಿತು. ಅದನ್ನು ಒಟ್ಟುವುದಕ್ಕೆ ಮನೆಯಲ್ಲಿ ಜನವಿರಲಿಲ್ಲ. ಆ ಹಿರಿಯರು ಮಗಳಿಗೆ ಮಾತ್ರ ಕಾರಣ ಹೇಳಲಿಲ್ಲ, ಮಠಕ್ಕೆ ಮಾತು ಬರಬಾರದೆಂದು. ನಮ್ಮ ಮರ್ಯಾದೆಯನ್ನು ಅವರು ಕಾಯ್ದರು. ಅದರ ಭಾರವನ್ನು ಹೊತ್ತವಳು ಆ ಮಗಳು.

ಈ ಬರಹಕ್ಕೆ ಮೊದಲು ನಾವು ಅವರ ಮನೆಗೆ ಹೋಗಿ, ಅಪ್ಪನ ಎದುರಿಗೇ ಮಗಳಿಗೆ ಎಲ್ಲವನ್ನೂ ಹೇಳಿದೆವು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ನಾನು ಇಷ್ಟು ದಿನ ಸುಮ್ಮಸುಮ್ಮನೆ ಅತ್ತೆ ಬುದ್ಧೀ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎಲ್ಲರಿಗೂ ತಿಳಿಯುವಂತೆ ಬರೆಯಲು ಅಪ್ಪ ಮಗಳಿಬ್ಬರೂ ಒಪ್ಪಿದರು.

ಬಂಧುಗಳೇ, ಅವಳ ಪ್ರಶ್ನೆಗೆ ಈಗ ನೇರವಾಗಿ ಉತ್ತರ ಹೇಳುತ್ತೇವೆ. ಹದಿಮೂರು ದಿನ ಅವಳು ತಂದೆಯ ಮಲಮೂತ್ರ ತೆಗೆದಳು, ಮೈ ಒರೆಸಿದಳು, ರಾತ್ರಿ ಸಲೈನ್ ಬಾಟಲಿಯ ಹನಿ ನಿಂತೀತೆಂದು ಎಚ್ಚರವಿದ್ದಳು. ಅದನ್ನು ಪೂಜೆ ಬಿಟ್ಟ ದಿನಗಳೆಂದು ಯಾವ ಶರಣರೂ ಲೆಕ್ಕ ಹಾಕಲಾರರು. ಜಂಗಮ ಸೇವೆ ಎಂದರೆ ಕಾವಿ ಉಟ್ಟವರ ಕಾಲು ತೊಳೆಯುವುದೊಂದೇ ಎಂದು ನೀವು ತಿಳಿದಿದ್ದರೆ ಅದು ನಮ್ಮ ಬೋಧನೆಯ ಕೊರತೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ರೋಗಿಗಳಿಗೆ ಮದ್ದು ಕೊಡುವುದೇ ಅವರ ಕಾಯಕ. ಅವರ ವಚನಗಳಲ್ಲಿ ವೈದ್ಯದ ಮಾತುಗಳೇ ಅನುಭಾವದ ಮಾತುಗಳಾಗಿವೆ. ಮದ್ದು ಕೊಡುವುದು ಕಾಯಕವಾದರೆ, ಮದ್ದು ಕುಡಿಸಿ ಪಕ್ಕದಲ್ಲಿ ಕೂರುವುದು ದಾಸೋಹ. ಅಂದು ಆ ವಾರ್ಡಿನಲ್ಲಿ ದಾಸೋಹ ಮಾಡಿದವಳು ಮಗಳು, ಸತ್ಯ ಹೇಳಿದವಳು ಪಕ್ಕದ ಹಾಸಿಗೆಯ ಮುದುಕಿ. ಅವಳ ಜಾತಿ ಮತ ಯಾವುದೋ ನಮಗೆ ತಿಳಿಯದು. ಕೊಡಲು ಹೋದ ನಾವೇ ಅಲ್ಲಿ ಕಲಿಯಬೇಕಾದವರಾಗಿದ್ದೆವು.

ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳನ್ನು ಇಲ್ಲಿ ನೆನೆಯಬೇಕು. 1907ರಲ್ಲಿ ಹುಟ್ಟಿದ ಅವರು 2018ರ ಡಿಸೆಂಬರಿನಲ್ಲಿ, 111ರ ವಯಸ್ಸಿನಲ್ಲಿ, ಚೆನ್ನೈಗೆ ಹೋಗಿ ಡಾ. ಮೊಹಮ್ಮದ್ ರೇಲಾ ಅವರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2019ರ ಜನವರಿ 21ರಂದು ಲಿಂಗೈಕ್ಯರಾದರು. ಅಂಥ ಮಹಾಪುರುಷರೇ ವೈದ್ಯರ ಕೈಗೆ ತಮ್ಮ ಶರೀರವನ್ನು ಒಪ್ಪಿಸಿದರು. ಹೀಗಿರುವಾಗ, ಪ್ರಸಾದಕ್ಕೆ ವೈದ್ಯರ ಅಪ್ಪಣೆ ಬೇಕಿಲ್ಲ ಎನ್ನಲು ನಾವು ಯಾರು?

ನಮ್ಮ ಗಡಿನಾಡಿನ ಕಷ್ಟವೇ ಬೇರೆ. 2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕಾಯಿಲೆ ಮಾತ್ರ ಯಾವ ಗಡಿಯನ್ನೂ ನೋಡುವುದಿಲ್ಲ. ಹಿಂದೂಪುರದವರು ಗೌರಿಬಿದನೂರಿನ ಮೇಲೆ ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಓಡುತ್ತಾರೆ. ಕ್ಯಾನ್ಸರ್ ಎಂದರೆ ಕಿದ್ವಾಯಿ, ಎದೆನೋವು ಎಂದರೆ ಜಯದೇವ, ತಲೆಯ ಕಾಯಿಲೆ ಎಂದರೆ ನಿಮ್ಹಾನ್ಸ್. ಹೃದಯಕ್ಕೆಂದು ಪುಟ್ಟಪರ್ತಿಯಲ್ಲಿ 1991ರಲ್ಲಿ ತೆರೆದ ದೊಡ್ಡ ಆಸ್ಪತ್ರೆಗೆ ಹೋಗುವವರೂ ಉಂಟು. ಕಲ್ಯಾಣದುರ್ಗದವರು 60 ಕಿಲೋಮೀಟರು ದೂರದ ಅನಂತಪುರಕ್ಕೆ ಹೋಗುತ್ತಾರೆ. ಸ್ಪೇನ್ ದೇಶದಿಂದ ಬಂದ ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಈ ಜಿಲ್ಲೆಗೆ ಕಾಲಿಟ್ಟು ಕಟ್ಟಿದ ಆರ್.ಡಿ.ಟಿ. ಸಂಸ್ಥೆ ಬತ್ತಲಪಲ್ಲಿಯಲ್ಲಿ, ಕಲ್ಯಾಣದುರ್ಗದಲ್ಲಿ ಆಸ್ಪತ್ರೆಗಳನ್ನು ಕಟ್ಟಿತು. ನಮ್ಮ ಎಷ್ಟೋ ಮನೆಗಳ ಹೆರಿಗೆಗಳು ಅಲ್ಲಿ ಆಗಿವೆ. ಕುಲ ಕೇಳದೆ ಕೊಡುವುದೇ ದಾಸೋಹವಾದರೆ, ದೂರ ದೇಶದ ಆ ಪುಣ್ಯಾತ್ಮರೂ ದಾಸೋಹಿಗಳೇ.

ಭಾಷೆಯ ಗೊಂದಲ ಇನ್ನೊಂದು. ಅಮರಾಪುರದ ಕಡೆಯ ಒಬ್ಬ ಅಜ್ಜನವರು ಹೇಳಿಕೊಂಡು ನಕ್ಕ ಮಾತು ಇದು. ನರ್ಸಮ್ಮ ಬಾಗಿಲಿಗೆ ಬಂದು ತೆಲುಗಿನಲ್ಲಿ “ಪೇಷೆಂಟ್ ತಾಲೂಕು ಎವರು?” ಎಂದು ಕೂಗಿದರಂತೆ. ರೋಗಿಯ ಕಡೆಯವರು ಯಾರು ಎಂದು ಅದರ ಅರ್ಥ. ಅಜ್ಜ ಎದ್ದು ಕೈಮುಗಿದು, “ಮಡಕಶಿರಾ ತಾಲ್ಲೂಕು ತಾಯಿ” ಎಂದರಂತೆ! ನಗು ಬರುವ ಮಾತೇ. ಆದರೆ ಊಟಕ್ಕೆ ಮೊದಲು ನುಂಗುವ ಮಾತ್ರೆ ಯಾವುದು, ಆಮೇಲೆ ನುಂಗುವುದು ಯಾವುದು ಎಂಬಲ್ಲಿ ಇದೇ ಗೊಂದಲವಾದರೆ ನಗುವ ಹಾಗಿಲ್ಲ. ಆದ್ದರಿಂದ ಅರ್ಥವಾಗದಿದ್ದರೆ ನಾಚಿಕೆಪಡದೆ ಮತ್ತೊಮ್ಮೆ ಕೇಳಿ. ಕೇಳಿದ್ದನ್ನು ನೀವೇ ಬಾಯಿಬಿಟ್ಟು ತಿರುಗಿ ಹೇಳಿ, ಸರಿಯೇ ಎಂದು ವಿಚಾರಿಸಿ. ಹಳೆಯ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆಯ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಚೀಲದಲ್ಲಿಡಿ. ನಾಟಿ ಮದ್ದು ಕೊಟ್ಟಿದ್ದರೆ, ಕುಡಿತದ ಚಟವಿದ್ದರೆ, ವೈದ್ಯರ ಮುಂದೆ ಮರೆಮಾಚಬೇಡಿ. ಮರ್ಯಾದೆಗೆ ಅಂಜಿ ಸುಳ್ಳು ಹೇಳಿದರೆ ಅದರ ಫಲ ರೋಗಿಯ ಮೈಮೇಲೆ.

ಖರ್ಚಿನ ವಿಷಯ. ಆಂಧ್ರ ಸರಕಾರದ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಸರಕಾರ ಬದಲಾದಂತೆ ಅದರ ಹೆಸರೂ ಬದಲಾಗಿದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬವರು ಇರುತ್ತಾರೆ, ಮೊದಲು ಅವರನ್ನು ಕಾಣಿ. ಗಡಿಯಾಚೆಯ ಎಲ್ಲ ಆಸ್ಪತ್ರೆಗಳಲ್ಲೂ ಅದು ನಡೆಯುವುದಿಲ್ಲ. ಆದ್ದರಿಂದ ಹೊಲ ಒತ್ತೆಯಿಟ್ಟು ಬಸ್ಸು ಹತ್ತುವ ಮೊದಲೇ ವಿಚಾರಿಸಿ. ಗಳಿಗೆ ತಡವಾದರೆ ಪ್ರಾಣ ಹೋಗುವಂಥ ಹೊತ್ತಿನಲ್ಲಿ ಮಾತ್ರ ಯಾವ ಲೆಕ್ಕವನ್ನೂ ಹಾಕದೆ 108ಕ್ಕೆ ಫೋನು ಮಾಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ.

ಇಷ್ಟಲಿಂಗದ ಬಗ್ಗೆಯೂ ಅನೇಕರು ಕೇಳಿದ್ದಾರೆ. ಆಪರೇಷನ್ನಿಗೆ ಒಯ್ಯುವಾಗ ಕರಡಿಗೆ ತೆಗೆಯಿರಿ ಎನ್ನುತ್ತಾರೆ, ತೆಗೆಯಬಹುದೇ ಎಂದು. ಅಂಗದಿಂದ ಲಿಂಗ ಅಗಲಬಾರದೆಂಬುದು ನಮ್ಮ ನಿಷ್ಠೆ, ನಿಜ. ಆದರೆ ಆಪರೇಷನ್ನಿನಲ್ಲಿ ವಿದ್ಯುತ್ತಿನಿಂದ ಕೊಯ್ಯುವ ಉಪಕರಣ ಬಳಸುವಾಗ ಮೈಮೇಲಿನ ಲೋಹ ಚರ್ಮವನ್ನು ಸುಡಬಹುದು. ಎಂ.ಆರ್.ಐ. ಯಂತ್ರವಂತೂ ಒಂದು ದೊಡ್ಡ ಅಯಸ್ಕಾಂತ, ಅದರ ಕೋಣೆಗೆ ಲೋಹವನ್ನು ಬಿಡುವುದಿಲ್ಲ. ಆಗ ಲಿಂಗವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿರುವ ಮನೆಯವರ ಕೈಗೆ ಕೊಡಿ. ಅವರು ಎದೆಗವಚಿಕೊಂಡು ಹೊರಗೆ ಕಾಯಲಿ. ಎಚ್ಚರವಾಗಿ ವೈದ್ಯರು ಒಪ್ಪಿದ ಮೇಲೆ ಮತ್ತೆ ಧರಿಸಿ. ಇದರಿಂದ ವ್ರತ ಕೆಡುವುದಿಲ್ಲ, ಇದು ನಮ್ಮ ಅಪ್ಪಣೆ.

ಇನ್ನು ಮನೆಯ ಗಂಡಸರಿಗೆ ಒಂದು ಮಾತು. ಕಲ್ಯಾಣದುರ್ಗದ ಹತ್ತಿರದ ಒಂದು ಮನೆಯಲ್ಲಿ ತಾಯಿಗೆ ಲಕ್ವ ಹೊಡೆಯಿತು. ಗಂಡುಮಕ್ಕಳು ಮೂವರು. ಅನಂತಪುರದ ಆಸ್ಪತ್ರೆಯಲ್ಲಿ ಕುಳಿತವಳು ಮಾತ್ರ ಹಿರಿಯ ಸೊಸೆ. ದಿನಕ್ಕೊಬ್ಬರು ಎಳನೀರು, ಬಿಸ್ಕತ್ತು ಹಿಡಿದು ಬಂದು, ಎಷ್ಟು ಖರ್ಚಾಯಿತೆಂದು ಕೇಳಿ, ಸಂಜೆಯ ಬಸ್ಸಿಗೆ ಹಿಂದಿರುಗಿದರು. ಹನ್ನೆರಡನೆಯ ದಿನ ಆ ಸೊಸೆ ಔಷಧಿ ಅಂಗಡಿಯ ಮುಂದೆ ಕುಸಿದು ಬಿದ್ದು, ತಾನೂ ಅದೇ ಆಸ್ಪತ್ರೆಯ ಹಾಸಿಗೆ ಹಿಡಿದಳು. ಆಗ ಗಂಡ ಮೈದುನರಿಗೆ ಸರದಿಯ ನೆನಪಾಯಿತು. ನೋಡಲು ಹೋದವರೆಲ್ಲ ಹಾಸಿಗೆಯ ಮೇಲಿರುವವರನ್ನು ಮಾತನಾಡಿಸುತ್ತಾರೆ. ಕೆಳಗೆ ಪೇಪರು ಹಾಸಿಕೊಂಡು ಕುಳಿತವಳನ್ನು “ನೀನು ಊಟ ಮಾಡಿದೆಯಾ ತಾಯಿ?” ಎಂದು ಕೇಳುವವರು ಎಷ್ಟು ಜನ?

ಆದ್ದರಿಂದ ಈ ಅಮಾವಾಸ್ಯೆಯಿಂದ ಶ್ರೀಮಠವು ಕೆಲವು ನಿಯಮಗಳನ್ನು ತಾನೇ ಹಾಕಿಕೊಂಡಿದೆ. ಆಸ್ಪತ್ರೆಯಲ್ಲಿರುವ ಭಕ್ತರನ್ನು ಕಾಣಲು ನಾವು ಒಬ್ಬರನ್ನು ಮಾತ್ರ ಕರೆದುಕೊಂಡು, ಸಂದರ್ಶನದ ವೇಳೆಗೆ ಮಾತ್ರ ಹೋಗುತ್ತೇವೆ. ಅಲ್ಲಿನ ದಾದಿಯರನ್ನು ಕೇಳದೆ ಪಾದೋದಕ ಪ್ರಸಾದಗಳನ್ನು ಕೊಡುವುದಿಲ್ಲ, ಹಣೆಗೆ ವಿಭೂತಿ ಹಚ್ಚಿ ಬರುತ್ತೇವೆ. ನಮ್ಮನ್ನು ತಡೆದವರಿಗೆ ನಮ್ಮ ಕಡೆಯವರು ಯಾರೂ ಎದುರು ಮಾತನಾಡಕೂಡದು. ಪ್ರತಿ ಊರಿನ ಭಕ್ತರು ಐದಾರು ಜನರ ಒಂದು ಪಟ್ಟಿ ಮಾಡಿ ಮಠಕ್ಕೆ ಕೊಡಬೇಕು. ಯಾರ ಮನೆಯವರು ಆಸ್ಪತ್ರೆ ಸೇರಿದರೂ ಮೂರು ದಿನಕ್ಕೊಮ್ಮೆ ಸರದಿ ಬದಲಾಗಬೇಕು. ಪಟ್ಟಿಯಲ್ಲಿ ಗಂಡಸರ ಹೆಸರು ಮೊದಲಿರಲಿ. ಬರಲಾಗದವರು ಅವರ ಹಸು ಕರೆಯಲಿ, ಹೊಲಕ್ಕೆ ನೀರು ಕಟ್ಟಲಿ, ಕಡಲೆಕಾಯಿ ಒಟ್ಟಲಿ. ಅದೂ ದಾಸೋಹವೇ.

ಮಗಳೇ, ಈ ಪತ್ರಿಕೆ ನಿನ್ನ ಕೈಗೆ ಬಂದಾಗ ಮನೆಯವರೆಲ್ಲರ ಮುಂದೆ ಓದು. ನೀನು ಪೂಜೆ ತಪ್ಪಿಸಲಿಲ್ಲ. ತಪ್ಪಿದವರು ನಾವು. ನೋಯುವವರ ಪಕ್ಕದಲ್ಲಿ ಕುಳಿತ ಎಲ್ಲರಿಗೂ ಶಿವನು ಬಲ ಕೊಡಲಿ, ಕುಳಿತವರ ಕೈಯಿಂದ ಸ್ವಲ್ಪ ಹೊತ್ತು ಭಾರ ಇಳಿಸಿಕೊಳ್ಳುವ ಬುದ್ಧಿಯನ್ನು ನಮಗೆಲ್ಲ ಕೊಡಲಿ.

ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.