ಎಲ್ಲಿಯವರೆಗೆ ನಡೆಯಬಲ್ಲಿರಿ?



ಮಲಪ್ರಭೆಯ ದಡದ ಕಮತಗಿ ನೇಕಾರರ ಊರು. ಆ ಊರಿನ ಒಬ್ಬ ತಾಯಿಯಿಂದ ನಾನು ಕಲಿತ ಪಾಠವೊಂದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬಯಸುತ್ತೇನೆ. ಅದು ಬೆಟ್ಟದ ಕೆರೆಗೆ ಹೋಗುವ ದಾರಿಯ ಕುರಿತದ್ದು. ನನ್ನ ತಪ್ಪಿನ ಕುರಿತದ್ದೂ ಹೌದು.

ಸುಮಾರು 20 ವರ್ಷಗಳ ಹಿಂದಿನ ಮಾತು. ಆಗ ನನಗೆ ಮೂವತ್ತರ ಹರೆಯ, ಕಾಲಲ್ಲಿ ಬಲವಿತ್ತು. ಧರ್ಮಕೇಂದ್ರದ ಕೆಲವು ಕುಟುಂಬಗಳನ್ನು ಕರೆದುಕೊಂಡು ಗುಳೇದಗುಡ್ಡದ ಮಾರ್ಗವಾಗಿ ಬಾದಾಮಿಗೆ ಹೊರಟೆ. ಆ ತಾಯಿಯೂ ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತಲೇ ಮೂವತ್ತು ವರ್ಷ ಕಳೆದವರು, ಮೊಣಕಾಲು ಸೋತಿದ್ದವು. ಊರೊಳಗೆ ವಾಹನ ನಿಂತಾಗ ನಾನು ಅವರ ಮುಖವನ್ನಾಗಲೀ ಮನಸ್ಸನ್ನಾಗಲೀ ನೋಡದೆ, “ಅಮ್ಮಾ, ನೀವು ಇಲ್ಲೇ ಕೂತಿರಿ. ಚೀಲಗಳನ್ನು ನೋಡಿಕೊಳ್ಳಿ, ಮಂಗಗಳ ಕಾಟ ಬಹಳ” ಎಂದೆ. ಅವರು ತಲೆಯಾಡಿಸಿದರು. ನನ್ನ ದೃಷ್ಟಿಯಲ್ಲಿ ಅದು ಕರುಣೆಯ ಮಾತಾಗಿತ್ತು.

ನಾವು ಮೇಲೇರಿದೆವು. ಕೆಂಪು ಮರಳುಗಲ್ಲಿನ ಆ ಬೆಟ್ಟದಲ್ಲಿ ನಾಲ್ಕು ಗುಹೆಗಳಿವೆ. ಮೂರನೆಯದರಲ್ಲಿ ಚಾಲುಕ್ಯ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಮೆಟ್ಟಿಲೇರುತ್ತ ಹಿಂದಿರುಗಿ ನೋಡಿದರೆ ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಅದರಾಚೆ ಇನ್ನೊಂದು ಬೆಟ್ಟ, ಕೆರೆಯ ಪೂರ್ವ ತುದಿಯಲ್ಲಿ ನೀರಿಗೆ ಇಳಿದು ಬಂದಂತಿರುವ ಭೂತನಾಥ ದೇವಾಲಯ. ಎಲ್ಲವನ್ನೂ ಕಣ್ತುಂಬ ನೋಡಿ, ಮೂರು ತಾಸಿನ ಬಳಿಕ ಮರಳಿದೆವು. ಮಕ್ಕಳು ಆ ತಾಯಿಯನ್ನು ಸುತ್ತುವರಿದು ಕಂಡದ್ದನ್ನೆಲ್ಲ ಬಣ್ಣಿಸತೊಡಗಿದರು. ನಾನು ಲೋಕಾಭಿರಾಮವಾಗಿ, “ಕೆರೆಯನ್ನಾದರೂ ನೋಡಿದಿರಾ ಅಮ್ಮಾ?” ಎಂದು ಕೇಳಿದೆ. “ಇಲ್ಲಿಂದ ಕೆರಿ ಕಾಣೂದಿಲ್ರಿ ಫಾದರ್” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದರಿಂದಲೇ ಅದು ನನ್ನನ್ನು ಹೆಚ್ಚು ಕಾಡಿತು. ಏಕೆಂದರೆ ಕೆರೆಯ ದಂಡೆಗೆ ಅಲ್ಲಿಂದ ಬೆಟ್ಟ ಹತ್ತಬೇಕಾಗಿರಲಿಲ್ಲ. ಓಣಿಯೊಂದನ್ನು ದಾಟಿದರೆ ಸಾಕಿತ್ತು.

ಮನೆಗೆ ಮರಳಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರಿಗೆ ಕೆರೆಯನ್ನು ತಪ್ಪಿಸಿದ್ದು ಯಾವುದು? ಬೆಟ್ಟವೇ? ಮೊಣಕಾಲೇ? ಅಥವಾ ನನ್ನ ಮಾತೇ?

ದಾರಿಗಳೆಲ್ಲ ಒಂದೇ ಬಗೆಯವಲ್ಲ. ಬಾದಾಮಿಯ ಸುತ್ತಲಿನ ನೀರಿನ ತಾಣಗಳನ್ನೇ ಗಮನಿಸಿರಿ. ಬನಶಂಕರಿಯ ಹರಿದ್ರಾ ತೀರ್ಥ ರಸ್ತೆಯ ಪಕ್ಕದಲ್ಲೇ ಇದೆ. ಸುತ್ತ ಕಲ್ಲಿನ ಮಂಟಪಸಾಲು. ವಾಹನದಿಂದಿಳಿದು ಕೆಲವೇ ಹೆಜ್ಜೆ ಇಟ್ಟರೆ ಅದರ ಅಂಚಿಗೆ ತಲುಪಬಹುದು. ಅಗಸ್ತ್ಯ ತೀರ್ಥದ ಉತ್ತರ ದಂಡೆಯಲ್ಲಿ ವಸ್ತುಸಂಗ್ರಹಾಲಯದ ಬಳಿಯಿಂದ ಭೂತನಾಥದ ಕಡೆಗೆ ಹೋಗುವ ಹಾದಿ ಬಹುಮಟ್ಟಿಗೆ ಸಮತಟ್ಟು. ನಿಂತು, ಕೂತು, ನಿಧಾನವಾಗಿ ನಡೆಯುವವರಿಗೂ ಒಗ್ಗುವಂಥದು. ಮಳೆ ಚೆನ್ನಾಗಿ ಬಿದ್ದ ದಿನಗಳಲ್ಲಿ ಬಂಡೆಯ ಮೇಲಿಂದ ಕೆರೆಯ ಕಡೆಗೆ ಧುಮುಕುವ ‘ಅಕ್ಕ-ತಂಗಿ’ ಜಲಧಾರೆಗಳು ಕೆಳಗಿನಿಂದಲೇ ಕಾಣುತ್ತವೆ. ಅದೇ ವಸ್ತುಸಂಗ್ರಹಾಲಯದ ಹಿಂದಿನಿಂದ ಇಕ್ಕಟ್ಟಾದ ಬಂಡೆಗಳ ನಡುವೆ ಮೇಲೇರುವ ಮೆಟ್ಟಿಲುಗಳು ಕೆಳಗಿನ ಮತ್ತು ಮೇಲಿನ ಶಿವಾಲಯಗಳಿಗೆ ಒಯ್ಯುತ್ತವೆ. ಅಲ್ಲಿ ಉಸಿರು ಬಿಗಿಯಾಗುತ್ತದೆ, ಮೆಟ್ಟಿಲುಗಳೂ ಎತ್ತರ. ಇನ್ನು ಬಾದಾಮಿಯಿಂದ ಬೆಟ್ಟದ ಮೇಲೆ ಹಾಯ್ದು ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿ ಸುಮಾರು 5 ಕಿಲೋಮೀಟರು. ಬಂಡೆ, ಕುರುಚಲು ಗಿಡ, ನೆರಳಿಲ್ಲದ ಬಯಲು. ಕೊನೆಗೆ ಇಳಿಜಾರಿನ ಬುಡದಲ್ಲಿ ಚಿಲುಮೆಯ ನೀರು ತುಂಬಿದ ವಿಷ್ಣು ಪುಷ್ಕರಿಣಿ. ಅದೇ ಮಹಾಕೂಟಕ್ಕೆ ಸುತ್ತುಬಳಸಿನ ರಸ್ತೆಯೂ ಇದೆ.

ಹೀಗೆ ಒಂದೇ ಸೀಮೆಯಲ್ಲಿ ಅಂಬೆಗಾಲಿನ ಮಗುವಿಗೂ, ಊರುಗೋಲಿನ ಅಜ್ಜನಿಗೂ, ಬಲವಾದ ತರುಣನಿಗೂ ಅವರವರ ಶಕ್ತಿಗೆ ತಕ್ಕ ನೀರು ಇದೆ. ಆದರೆ ನಾನು ಅಂದು ದಾರಿಯನ್ನು ಎರಡೇ ಭಾಗ ಮಾಡಿದ್ದೆ: ಹತ್ತಬಲ್ಲವರಿಗೆ ಬೆಟ್ಟ, ಹತ್ತಲಾರದವರಿಗೆ ಚೀಲ ಕಾಯುವ ಕೆಲಸ. ನಡುವೆ ಇದ್ದ ಹತ್ತಾರು ಮಜಲುಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಲಿಷ್ಠರಿಗೆ ಸಾಮಾನ್ಯವಾಗಿ ಇರುವ ಕುರುಡು ಇದು. ಶಿಖರವನ್ನಲ್ಲದೆ ಬೇರೇನನ್ನೂ ಅವರು ಗುರಿಯೆಂದು ಎಣಿಸುವುದಿಲ್ಲ.

ಹಾಗಾದರೆ ನ್ಯಾಯವೆಂದರೇನು? ಎಲ್ಲ ಬೆಟ್ಟಕ್ಕೂ ಗಾಲಿಕುರ್ಚಿ ಏರುವಂತೆ ದಾರಿ ಮಾಡಬೇಕೇ? ನಮ್ಮ ದೇಶದಲ್ಲಿ 2016ರಲ್ಲಿ ಅಂಗೀಕೃತವಾದ ವಿಕಲಚೇತನರ ಹಕ್ಕುಗಳ ಕಾಯ್ದೆಯು 1995ರ ಹಳೆಯ ಕಾಯ್ದೆಯ ಸ್ಥಾನಕ್ಕೆ ಬಂದು, ಗುರುತಿಸಲಾದ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ಶಿಕ್ಷಣ, ಉದ್ಯೋಗಗಳ ಜೊತೆಗೆ ಸಾಂಸ್ಕೃತಿಕ ಬದುಕು ಮತ್ತು ಮನರಂಜನೆಯೂ ಅವರ ಹಕ್ಕೆಂದು ಹೇಳಿತು. ಇದು ಅತ್ಯಂತ ಸ್ವಾಗತಾರ್ಹ. ಆದರೆ ಬೆಟ್ಟಕ್ಕೂ ತನ್ನದೇ ಆದ ಲೆಕ್ಕವಿದೆ. ಗಾಲಿಕುರ್ಚಿಗೆ ಸುರಕ್ಷಿತವೆಂದು ಒಪ್ಪಿರುವ ಇಳಿಜಾರು ಸಾಮಾನ್ಯವಾಗಿ 12ಕ್ಕೆ 1. ಅಂದರೆ ಒಂದಡಿ ಮೇಲೇರಲು ಹನ್ನೆರಡಡಿ ಉದ್ದ ಬೇಕು. ನೂರಡಿ ಏರಲು 1,200 ಅಡಿ. ಅಷ್ಟು ದಾರಿಯನ್ನು ಆರನೆಯ ಶತಮಾನದ ಶಿಲ್ಪಗಳಿರುವ ಬಂಡೆಯಲ್ಲಿ ಕಡಿದರೆ, ತೋರಿಸಬೇಕೆಂದಿದ್ದನ್ನೇ ನಾಶಮಾಡಿದಂತಾಗುತ್ತದೆ. ಎಲ್ಲೆಲ್ಲಿ ದಾರಿಯನ್ನು ಸುಗಮಗೊಳಿಸಲು ಸಾಧ್ಯವೋ ಅಲ್ಲೆಲ್ಲ ಮಾಡಲೇಬೇಕು. ಕೆರೆಯ ದಂಡೆಯಂಥ ಕಡೆ ಮಾಡದಿರಲು ನೆಪವೇ ಇಲ್ಲ. ಆದರೂ ಕೆಲವು ಎತ್ತರಗಳು ಕೆಲವರಿಗೆ ಎತ್ತರಗಳಾಗಿಯೇ ಉಳಿಯುತ್ತವೆ. ಈ ಸತ್ಯವನ್ನು ಮುಚ್ಚಿಡುವುದು ಪ್ರೀತಿಯಲ್ಲ.

ಎಲ್ಲರಿಗೂ ಎಲ್ಲ ಎತ್ತರ ದೊರೆಯಲಾರದು ಎಂದ ಮೇಲೆ, ಎಲ್ಲರಿಗೂ ಸಲ್ಲಲೇಬೇಕಾದ್ದು ಯಾವುದು? ನನಗೆ ತೋರುವ ಉತ್ತರ ಸರಳ: ತನ್ನ ಮಿತಿಯನ್ನು ತಾನೇ ನಿರ್ಣಯಿಸುವ ಅಧಿಕಾರ. ‘ನಿಮ್ಮಿಂದಾಗದು’ ಎಂದು ಅವರ ಪರವಾಗಿ ನಾನು ಹೇಳಿದಾಗ ಕಸಿದುಕೊಂಡದ್ದು ಬೆಟ್ಟವನ್ನಲ್ಲ, ಆ ನಿರ್ಣಯವನ್ನು. ಇದರ ಮತ್ತೊಂದು ಮುಖವೂ ಇದೆ. 2013ರಲ್ಲಿ ಅರುಣಿಮಾ ಸಿನ್ಹಾ ಕೃತಕ ಕಾಲಿನೊಂದಿಗೆ ಎವರೆಸ್ಟ್ ಏರಿದ್ದನ್ನು ನಾವೆಲ್ಲರೂ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅವರ ಹೆಸರನ್ನು ಹಿಡಿದು, ಇನ್ನೂರು ಹೆಜ್ಜೆಗೆ ಸುಸ್ತಾಗುವ ವ್ಯಕ್ತಿಗೆ, “ಮನಸ್ಸು ಮಾಡಿದರೆ ನಿಮ್ಮಿಂದಲೂ ಆಗುತ್ತದೆ” ಎಂದು ಒತ್ತಾಯಿಸುವುದೂ ಅದೇ ತಪ್ಪು. ಅಲ್ಲಿಯೂ ನಿರ್ಣಯ ನಮ್ಮದು, ನೋವು ಮಾತ್ರ ಅವರದು. ಒಬ್ಬರನ್ನು ಕೂರಿಸುವುದಾಗಲಿ, ಹತ್ತಿಸುವುದಾಗಲಿ, ಕೇಳದೆ ಮಾಡಿದರೆ ಎರಡೂ ಒಂದೇ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಬರುವ, ಜೆರುಸಲೇಮಿನ ಕೊಳದ ಬಳಿ ಮಲಗಿದ್ದ ಮನುಷ್ಯನ ವೃತ್ತಾಂತ ನಿಮಗೆ ತಿಳಿದೇ ಇದೆ. 38 ವರ್ಷಗಳಿಂದ ರೋಗಿ. ನೀರು ಕಣ್ಣೆದುರಿಗೇ ಇದೆ. ಆದರೆ ಅವನು ತೆವಳುವಷ್ಟರಲ್ಲಿ ಚುರುಕಾದ ಇನ್ನೊಬ್ಬರು ಮುಂದೆ ಇಳಿದಿರುತ್ತಾರೆ. ಅವನನ್ನು ನೀರಿನ ತನಕ ಒಯ್ಯಲು ಯಾರೂ ಇಲ್ಲ. ಈ ಕಥೆಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೆ. ಆದರೂ ಒಂದು ಅಂಶ ನನ್ನ ಗಮನಕ್ಕೆ ಬಂದದ್ದು ಬಾದಾಮಿಯಿಂದ ಮರಳಿದ ಮೇಲೆಯೇ. ಯೇಸುಸ್ವಾಮಿ ಗುಣಪಡಿಸುವ ಮುನ್ನ ಅವನ ಇಚ್ಛೆಯನ್ನು ವಿಚಾರಿಸುತ್ತಾರೆ. ಉತ್ತರ ಎಲ್ಲರಿಗೂ ಗೊತ್ತಿದ್ದಂತೆ ತೋರುವ ಪ್ರಶ್ನೆಯನ್ನು ಅವರು ಕೇಳಿದರು. ನಾನೋ, ಉತ್ತರ ನನಗೆ ಗೊತ್ತೆಂದು ಭಾವಿಸಿ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಆದರೆ ಕೇಳುವುದಷ್ಟೇ ಸಾಲದು. ಸರಿಯಾಗಿ ನಿರ್ಣಯಿಸಬೇಕಾದರೆ ದಾರಿಯ ಸತ್ಯ ತಿಳಿದಿರಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಕಾಲುದಾರಿಗಳಿಗೆ ಬಣ್ಣದ ಗುರುತು ಹಾಕಿರುತ್ತಾರೆ: ಸಾಮಾನ್ಯ ನಡಿಗೆಗೆ ಹಳದಿ, ಕಡಿದಾದ ಬೆಟ್ಟದ ಹಾದಿಗೆ ಬಿಳಿ-ಕೆಂಪು-ಬಿಳಿ, ಅಪಾಯದ ಎತ್ತರಗಳಿಗೆ ಬಿಳಿ-ನೀಲಿ-ಬಿಳಿ. ಗುರುತು ಯಾರನ್ನೂ ತಡೆಯುವುದಿಲ್ಲ, ಯಾರನ್ನೂ ಹುರಿದುಂಬಿಸುವುದೂ ಇಲ್ಲ. ಮುಂದೇನಿದೆ ಎಂದಷ್ಟೇ ಹೇಳುತ್ತದೆ. ಉಳಿದದ್ದು ನಡೆಯುವವರಿಗೆ ಬಿಟ್ಟದ್ದು. ನಾವೂ ಒಂದು ಪ್ರವಾಸ ಹೊರಡುವ ಮುನ್ನ ಇಷ್ಟು ಮಾಡಬಹುದಲ್ಲವೇ? ಮೆಟ್ಟಿಲುಗಳೆಷ್ಟು, ಕೈಹಿಡಿ ಇದೆಯೇ, ನೆರಳೆಲ್ಲಿ, ಕುಡಿಯುವ ನೀರೆಲ್ಲಿ, ಕೂರಲು ಕಲ್ಲಿನ ಕಟ್ಟೆ ಎಲ್ಲಿದೆ, ನಡುದಾರಿಯಿಂದ ಹಿಂದಿರುಗಲು ಸಾಧ್ಯವೇ ಎಂಬುದನ್ನು ಮೊದಲೇ ತಿಳಿದು ಹೇಳಿದರೆ, ಹಿರಿಯರು ತಮ್ಮ ಶಕ್ತಿಯನ್ನು ನಮಗಿಂತ ಚೆನ್ನಾಗಿ ಅಳೆದುಕೊಳ್ಳುತ್ತಾರೆ. ಮೊಣಕಾಲಿನ ನೋವು ಅದನ್ನು ಅನುಭವಿಸುವವರಿಗೇ ತಾನೇ ಗೊತ್ತು?

ಎರಡು ವರ್ಷಗಳ ನಂತರ, ಮಳೆಗಾಲ ಮುಗಿಯುತ್ತಿದ್ದಂತೆ, ನಾವು ಮತ್ತೆ ಬಾದಾಮಿಗೆ ಹೋದೆವು. ಈ ಸಲ ನಾನು ಎಲ್ಲ ದಾರಿಗಳನ್ನೂ ಮೊದಲೇ ವಿವರಿಸಿ, ಪ್ರತಿಯೊಬ್ಬರನ್ನೂ, “ಎಲ್ಲಿಯವರೆಗೆ ನಡೆಯಬಲ್ಲಿರಿ?” ಎಂದು ಕೇಳಿದೆ. ಕಮತಗಿಯ ತಾಯಿ ಸ್ವಲ್ಪ ಯೋಚಿಸಿ, “ಕೆರಿ ದಂಡಿ ಗುಂಟ ಆ ಗುಡೀತನಕ ಬರ್ತೇನ್ರಿ. ನಡುವ ನಾಕು ಸಲ ಕುಂದರಸ್ರಿ” ಎಂದರು. ಹಾಗೆಯೇ ಮಾಡಿದೆವು. ನಾಲ್ಕು ಸಲ ಕುಳಿತೆವು. ಒಮ್ಮೆ ಕುಳಿತಾಗ ಬಂಡೆಯ ಬಣ್ಣ ನೀರಿನಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ಅವರು ನೂಲಿಗೆ ಬಣ್ಣ ಹಾಕುವವರ ಕಣ್ಣಿನಿಂದ ನಮಗೆ ತೋರಿಸಿದರು. ಮೊದಲ ಸಲ ಅವಸರದಲ್ಲಿ ಹತ್ತಿಳಿದಿದ್ದ ನನಗೆ ಆ ಬಣ್ಣಗಳು ಕಂಡಿರಲೇ ಇಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿದ್ದ ತರುಣನೊಬ್ಬ ಶಿವಾಲಯದ ಮೆಟ್ಟಿಲೇರುವುದಾಗಿ ಹೇಳಿದ. ನನಗೆ ಭಯವಾಯಿತು, ಬೇಡವೆನ್ನಲು ಬಾಯಿ ತೆರೆದವನು ತಡೆದುಕೊಂಡೆ. ಅವನು ಅರ್ಧ ಏರಿ, “ಇವತ್ತಿಗೆ ಇಷ್ಟು ಸಾಕು” ಎಂದು ಬಂಡೆಯ ಮೇಲೆ ಕುಳಿತ. ಆ ‘ಸಾಕು’ ಅವನದಾಗಿತ್ತು. ಗೆಳೆಯನೊಬ್ಬ ತಾನೂ ಅಲ್ಲೇ ಅವನ ಜೊತೆ ಕುಳಿತ.

ಮಧ್ಯಾಹ್ನ ಮೂವರು ಯುವಕರು ಕಾಲುದಾರಿ ಹಿಡಿದು ಮಹಾಕೂಟಕ್ಕೆ ಹೊರಟರು. ಅವರನ್ನು ನಾನು ತಡೆಯಲಿಲ್ಲ. ನಿಧಾನವಾಗಿ ನಡೆಯುವವರಿಗಾಗಿ ಬಲವುಳ್ಳವರು ಎಂದೂ ಓಡಬಾರದೆಂದರೆ ಅದೂ ನ್ಯಾಯವಲ್ಲ. ಶಕ್ತಿಯೂ ದೇವರ ವರವೇ. ಉಳಿದವರು ರಸ್ತೆಯಲ್ಲಿ ವಾಹನದಿಂದ ಹೋಗಿ, ಆ ಕ್ಷೇತ್ರದ ಶಾಂತಿಗೆ ಭಂಗ ಬಾರದಂತೆ ಮರದ ನೆರಳಲ್ಲಿ ಕುಳಿತೆವು. ಬಹಳ ಹೊತ್ತಿನ ನಂತರ ಯುವಕರು ಬೆವರಿಳಿಸುತ್ತ ಬೆಟ್ಟದಿಂದಿಳಿದು ಬಂದಾಗ ಅವರಿಗೆ ರೊಟ್ಟಿ ಬಿಚ್ಚಿ, ನೀರು ಕೊಟ್ಟು, ಮುಳ್ಳು ಗೀರಿದ ಗಾಯ ತೊಳೆದವರು ಆ ತಾಯಿಯೇ. ನಡೆಯಲಾರದವರು ನಡೆದು ದಣಿದವರಿಗೆ ಆಸರೆಯಾದರು. ದಾರಿಗಳು ಎರಡಾಗಿದ್ದವು, ತಲುಪಿದ ನೀರು ಒಂದೇ ಆಗಿತ್ತು.

ಆತ್ಮೀಯರೇ, ನಮ್ಮ ಮನೆಗಳಲ್ಲಿಯೂ ಇಂಥ ಬೆಟ್ಟಗಳಿವೆ. ಮದುವೆಗೆ, ಜಾತ್ರೆಗೆ, ಪ್ರವಾಸಕ್ಕೆ, ಎಷ್ಟೋ ಸಲ ದೇವಾಲಯಕ್ಕೆ ಹೊರಡುವಾಗಲೂ, ‘ಅಜ್ಜಿಗೆ ಆಗುವುದಿಲ್ಲ, ಮನೆಯಲ್ಲೇ ಇರಲಿ’ ಎಂದು ನಾವು ಸಲೀಸಾಗಿ ತೀರ್ಮಾನಿಸುತ್ತೇವೆ. ಅದನ್ನು ಕಾಳಜಿ ಎಂದೂ ಕರೆಯುತ್ತೇವೆ. ಇರಬಹುದು. ಆದರೆ ಕಾಳಜಿಯ ಹೆಸರಿನಲ್ಲಿ ನಮ್ಮ ಅನುಕೂಲವನ್ನು ನಾವು ನೋಡಿಕೊಳ್ಳುತ್ತಿಲ್ಲವೇ ಎಂದು ಒಮ್ಮೆ ಆತ್ಮಶೋಧನೆ ಮಾಡಿಕೊಳ್ಳೋಣ. ಅಂದು ನಾನು ಆ ತಾಯಿಯನ್ನು ಕೂರಿಸಿದ್ದು ಅವರ ಮೊಣಕಾಲಿಗಾಗಿಯೋ, ನನ್ನ ವೇಗಕ್ಕಾಗಿಯೋ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನನ್ನ ವೇಗಕ್ಕಾಗಿ.

ಈಗ ನನಗೂ ಐವತ್ತು ದಾಟಿದೆ. ಮೆಟ್ಟಿಲು ಕಂಡಾಗ ನನ್ನ ಮೊಣಕಾಲೂ ಮಾತನಾಡುತ್ತದೆ. ಮುಂದೊಂದು ದಿನ ಯಾರೋ ಕಿರಿಯರು ನನ್ನನ್ನು ವಾಹನದ ಬಳಿ ಕೂರಿಸಿ ಹೋಗಬಹುದು. ಅದಕ್ಕೂ ಮೊದಲು ಅವರು ನನ್ನತ್ತ ತಿರುಗಿ, “ಎಲ್ಲಿಯವರೆಗೆ ನಡೆಯಬಲ್ಲಿರಿ?” ಎಂದು ಕೇಳಿದರೆ ಸಾಕು. ‘ಇಲ್ಲಿಯವರೆಗೆ’ ಎಂದು ಸಂತೋಷದಿಂದ ಹೇಳುತ್ತೇನೆ. ಅಲ್ಲಿಂದ ಕೆರೆ ಕಾಣುವಂತಿರಲಿ ಎಂಬುದಷ್ಟೇ ನನ್ನ ಕೋರಿಕೆ.