ಮುಖ ಕಳೆದ ಮೇಲೆ ಉಳಿದದ್ದೇನು?

 

ಮೊನ್ನೆ ನಮ್ಮ ಬಳಗಕ್ಕೆ ಒಂದು ಚಿತ್ರ ಬಂದಿತ್ತು. ಚಿತ್ರಕಲೆ ಓದುತ್ತಿರುವ ಉಪಾಸಕರೊಬ್ಬರ ಮಗಳು ತನ್ನೂರಿನ ಸರ್ಕಲ್‌ನಲ್ಲಿರುವ ಬಾಬಾಸಾಹೇಬರ ಪ್ರತಿಮೆಯ ಫೋಟೊ ತೆಗೆದು, ಅದನ್ನು ಕಂಪ್ಯೂಟರಿನಲ್ಲಿ ಅಮೂರ್ತ ಚಿತ್ರವಾಗಿಸಿದ್ದಳು. ಬಣ್ಣಗಳನ್ನು ಎರಡಕ್ಕೆ ಇಳಿಸಿ, ವಿವರಗಳನ್ನು ಒಂದೊಂದಾಗಿ ಕಳೆದು, ಕೊನೆಗೆ ಅವಳು ಉಳಿಸಿಕೊಂಡದ್ದು ಇಷ್ಟೇ: ನೀಲಿಯ ಒಂದು ಹರವು, ಮುಂದಕ್ಕೆ ಚಾಚಿದ ಒಂದು ಗೆರೆ, ಎದೆಯ ಬಳಿ ಒಂದು ಚೌಕ. ಕಣ್ಣಿಲ್ಲ, ಕನ್ನಡಕವೂ ಇಲ್ಲ. “ಬಾಬಾಸಾಹೇಬರ ಮುಖವನ್ನೇ ಅಳಿಸಬಹುದೇ?” ಎಂದು ಹಿರಿಯರೊಬ್ಬರು ನೊಂದು ಕೇಳಿದರು.

ಆ ನೋವಿಗೆ ಕಾರಣವಿದೆ. ರಾತ್ರಿ ಬಂದು ಪ್ರತಿಮೆಯ ಮುಖ ಒಡೆದವರಿದ್ದಾರೆ, ಕೈ ಮುರಿದವರಿದ್ದಾರೆ. ತಮಿಳುನಾಡಿನ ಹಲವು ಊರುಗಳಲ್ಲಿ ಬಾಬಾಸಾಹೇಬರು ಇಂದಿಗೂ ಕಬ್ಬಿಣದ ಪಂಜರದೊಳಗೆ ನಿಂತಿದ್ದಾರೆ. ಹಾಗಾಗಿ ಮುಖ ಕಾಣದಿದ್ದರೆ ನಮ್ಮ ಜೀವ ಬೆಚ್ಚುತ್ತದೆ.

ಆದರೆ ದ್ವೇಷದಿಂದ ಒಡೆಯುವುದು ಬೇರೆ, ತಿಳಿಯಲೆಂದು ಕಳೆದು ನೋಡುವುದು ಬೇರೆ. ಸಾಂಚಿಯ ಮಹಾಸ್ತೂಪದ ತೋರಣಗಳನ್ನು ನೋಡಿ. ಅಲ್ಲಿ ತಥಾಗತರ ಬದುಕಿನ ಘಟನೆಗಳಿವೆ, ತಥಾಗತರ ದೇಹವಿಲ್ಲ. ಅವರಿರಬೇಕಾದ ಕಡೆ ಬೋಧಿವೃಕ್ಷ, ಬರಿದಾದ ಆಸನ, ಧಮ್ಮಚಕ್ರಗಳಿವೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಫಲಕಗಳಲ್ಲೂ ಇಂಥ ಗುರುತುಗಳಿವೆ. ಆ ಶಿಲ್ಪಿಗಳು ಮುಖವನ್ನು ಬಿಟ್ಟರು, ಬೋಧನೆಯನ್ನು ಬಿಡಲಿಲ್ಲ. ಕಾಯಿಲೆ ಬಿದ್ದ ವಕ್ಕಲಿ ಭಿಕ್ಖು ತಮ್ಮನ್ನು ಕಣ್ಣಾರೆ ಕಾಣಲು ಹಂಬಲಿಸಿದಾಗ ಭಗವಾನರು ಅವನಿದ್ದಲ್ಲಿಗೇ ಹೋದರು. ನೋಡಬೇಕಾದದ್ದು ದೇಹವನ್ನಲ್ಲ, ಧಮ್ಮವನ್ನು ಎಂದು ತಿಳಿಹೇಳಿದರು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಏನು ಹೋಯಿತು ಎಂದಲ್ಲ, ಏನು ಉಳಿಯಿತು ಎಂದು. ಆ ಮಗಳು ಉಳಿಸಿದ ಗೆರೆ ದಾರಿ ತೋರುವ ಬೆರಳು. ಉಳಿಸಿದ ಚೌಕ ಸಂವಿಧಾನ. ಅವೆರಡನ್ನೂ ತೆಗೆದು ಬರೀ ನೀಲಿ ಉಳಿಸಿದ್ದರೆ ಚಿತ್ರ ಆಗಲೂ ಚೆನ್ನಾಗಿಯೇ ಇರುತ್ತಿತ್ತು. ಯಾರ ಮನೆಯ ಗೋಡೆಗೂ ಒಪ್ಪುತ್ತಿತ್ತು, ಜಾತಿ ಬಿಡದವರ ಮನೆಯ ಗೋಡೆಗೂ. ಏಕೆಂದರೆ ಅದು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ನಾವೂ ದಿನಾ ಹೀಗೆ ಕಳೆಯುತ್ತಿರುತ್ತೇವೆ. ಏಪ್ರಿಲ್ 14ರ ಹಾರ ಉಳಿದಿದೆ, ಡಿಜೆ ಉಳಿದಿದೆ, ಸೆಲ್ಫಿ ಉಳಿದಿದೆ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ನಮ್ಮ ಮನೆಯಲ್ಲಿ ಎಷ್ಟು ಉಳಿದಿವೆ? ಮದ್ಯ ಬಿಟ್ಟಿದ್ದೇವೆಯೇ? ಮದುವೆಯ ಮುಹೂರ್ತ ಕೇಳುವುದನ್ನು ಬಿಟ್ಟಿದ್ದೇವೆಯೇ? ಗೋಡೆಯ ಮೇಲೆ ಅವರ ಮುಖ ಸ್ಪಷ್ಟವಾಗಿದ್ದು, ಬದುಕಿನಲ್ಲಿ ಅವರ ಮಾತು ಮಸುಕಾದರೆ ಅದೇ ನಿಜವಾದ ಅಳಿಸುವಿಕೆ.

ಇಂದಿನ ಅಭ್ಯಾಸ: ಸಂಜೆ ಮಕ್ಕಳ ಕೈಗೆ ಒಂದು ಹಾಳೆ ಕೊಡಿ. ಮುಖ ಬರೆಯದೆ ಬಾಬಾಸಾಹೇಬರ ಚಿತ್ರ ಬಿಡಿಸಲು ಹೇಳಿ. ಅವರು ಏನನ್ನು ಉಳಿಸುತ್ತಾರೆ ಎಂದು ಸುಮ್ಮನೆ ನೋಡಿ. ನಮ್ಮ ಮನೆಯಲ್ಲಿ ಅವರಿಗೆ ಕಂಡಿರುವ ಬಾಬಾಸಾಹೇಬರು ಅಷ್ಟೇ.

ಭವತು ಸಬ್ಬ ಮಂಗಲಂ. ಜೈ ಭೀಮ್.